ಬೇರಿಲ್ಲದವಳು, ಶ್ವಾಸಕೋಶವಿಲ್ಲದವನು

ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ ಅಟೆಂಡರಮ್ಮನನ್ನು ಎಲ್ಲರೂ ನೀರತ್ತೆ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷ ದಿನಕ್ಕೆರಡು ಸಲ ಗಾಜಿನ ಪೆಟ್ಟಿಗೆಯೊಂದಕ್ಕೆ ನೀರು ಚಿಮುಕಿಸಿ ಗಳಿಸಿದ ಹೆಸರದು. ಪೆಟ್ಟಿಗೆಯಲ್ಲಿದ್ದವರು ಇಬ್ಬರು: ಕಲ್ಲುಗಳ ಮೇಲೆ ಹಸಿರಾಗಿ ಹಬ್ಬಿದ ಹಾವಸೆ, ಅದರಡಿ ಎಲ್ಲೋ ಅಡಗಿರುವ ಬೆರಳುದ್ದದ ಸಲಮಾಂಡರ್. ನೋಡಲು ಹಲ್ಲಿ, ನೆಂಟಸ್ತಿಕೆ ಕಪ್ಪೆಯ ಜೊತೆ.

ಹೊಸ ವಿದ್ಯಾರ್ಥಿಗಳು ಬಂದರೆ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ನೀರತ್ತೆಯ ಪಾಠ ಶುರು.

“ಇವಳಿಗೆ ಬೇರಿಲ್ಲ, ಎಲೆಯಿಂದಲೇ ನೀರು ಕುಡೀತಾಳೆ. ಇವನಿಗೆ ಶ್ವಾಸಕೋಶ ಇಲ್ಲ, ಚರ್ಮದಿಂದಲೇ ಉಸಿರಾಡ್ತಾನೆ. ಮೈ ಒದ್ದೆ ಇದ್ರೆ ಇಬ್ಬರಿಗೂ ಸ್ವರ್ಗ! ಆದ್ರೆ ಇವಳು ಗಟ್ಟಿಗಿತ್ತಿ. ಒಣಗಿ ಗರಿಗರಿ ಆದ್ರೂ ಒಂದು ಲೋಟ ನೀರಿಗೆ ಎದ್ದು ಕೂರ್ತಾಳೆ. ಇವನು ಒಣಗಿದ್ರೆ ಕಥೆ ಮುಗೀತು.”

ಮಂಡಿನೋವಿಗೆಂದು ನೀರತ್ತೆ ಹತ್ತು ದಿನ ರಜೆ ಹಾಕಿದರು. ನೀರು ಚಿಮುಕಿಸುವ ಕೆಲಸವನ್ನು ಮೇಷ್ಟ್ರು ಧಾರಾಳವಾಗಿ ಒಪ್ಪಿಕೊಂಡರು, ಅಷ್ಟೇ ಧಾರಾಳವಾಗಿ ಮರೆತರು.

ವಾಪಸು ಬಂದ ದಿನ ಹಾವಸೆಯೆಲ್ಲ ಕಂದುಗಟ್ಟಿದ್ದು ಕಂಡು ನೀರತ್ತೆ ಕುಂಟುತ್ತಲೇ ಪೆಟ್ಟಿಗೆಯತ್ತ ಧಾವಿಸಿದರು.

“ನನ್ನದೇ ತಪ್ಪು ಅತ್ತೆ. ಈಗಷ್ಟೇ ನೋಡಿದೆ.” ಮೇಷ್ಟ್ರು ನೀರು ತುಂಬಿದ ಬಕೆಟ್ ಎತ್ತಿಕೊಂಡು ಸುರಿಯಲು ಓಡಿಬಂದರು.

“ಬೇಡ! ಒಂದು ಹನೀನೂ ಬೇಡ!”

ನೀರತ್ತೆಯ ಬಾಯಲ್ಲಿ ಇಂಥ ಮಾತು ಯಾರೂ ಕೇಳಿರಲಿಲ್ಲ. ಮೇಷ್ಟ್ರು ಬಕೆಟ್ ಹಿಡಿದು ನಿಂತಲ್ಲೇ ನಿಂತರು.

“ಬಕೆಟ್ ಸುರಿದ್ರೆ ನಿತ್ರಾಣ ಆಗಿರೋ ಅವನು ಮುಳುಗಿಹೋಗ್ತಾನೆ, ಮೊದಲು ಅವನು ಕೈಗೆ ಸಿಗ್ಬೇಕು. ನೀರು ಬಿದ್ರೆ ಇವಳು ಎಲ್ಲಾ ಕಡೆ ಹಸಿರಾಗಿಬಿಡ್ತಾಳೆ ಸಾರ್. ಆಮೇಲೆ ಅವನನ್ನ ಎಲ್ಲಿ ಅಂತ ಹುಡುಕೋದು? ಮಣ್ಣು ಕೆದಕಿದ್ರೆ ಅವನೇ ಜಜ್ಜಿಹೋಗ್ತಾನೆ. ಇವಳು ಎಲ್ಲಿ ಹಸಿರಿದ್ದಾಳೋ ಅಲ್ಲಿ ತೇವ ಇದೆ. ತೇವ ಇದ್ದಲ್ಲಿ ಅವನು.”

ಗಾಜಿಗೆ ಮೂಗು ಒತ್ತಿ, ನೋಯುವ ಮಂಡಿಯೂರಿ, ಪೆಟ್ಟಿಗೆಯನ್ನು ಇಂಚಿಂಚೂ ನೋಡಿದರು. ಕಂದು, ಕಂದು, ಬರೀ ಕಂದು. ಕೊನೆಗೆ ಗೋಡೆ ಪಕ್ಕದ ಮೂಲೆಯಲ್ಲಿ ಉಗುರಗಲದ ಹಸಿರು! ಮೇಲಿನ ಪೈಪು ಎರಡು ತಿಂಗಳಿಂದ ಸೋರಿ, ಜಾಲರಿ ಮುಚ್ಚಳದ ಮೂಲಕ ಅಲ್ಲಿಗೇ ತೊಟ್ಟಿಕ್ಕುತ್ತಿತ್ತು.

“ಬರ್ತೀನಿ ಅಂತ ಹೇಳಿ ಬರದೇ ಇದ್ದ ಪ್ಲಂಬರು ನೂರು ವರ್ಷ ಬಾಳಲಿ” ಎನ್ನುತ್ತಾ ನೀರತ್ತೆ ಎರಡು ಬೆರಳಿನಿಂದ ಕಲ್ಲು ಎತ್ತಿದರು.

ಮುದುಡಿಕೊಂಡು ಬಿದ್ದಿದ್ದ. ಮೈಯ ಹೊಳಪು ಹೋಗಿತ್ತು. ಅಂಗೈಯಿಂದ ಹನಿಹನಿಯಾಗಿ ನೀರು ಬಿಟ್ಟರು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಗಂಟಲ ಕೆಳಗಿನ ಚರ್ಮ ಪುಟಪುಟನೆ ಮಿಡಿಯಿತು. ಮುಂಗಾಲೊಂದು ಸರಿಯಿತು.

“ಅಯ್ಯೋ ಕಳ್ಳಾ, ನನ್ನ ಜೀವ ತೆಗೆದೆಯಲ್ಲೋ!” ನೀರತ್ತೆ ಅಳುತ್ತಲೇ ನಕ್ಕರು. ಸಂತೋಷ ತಡೆಯಲಾಗಲಿಲ್ಲ.

ಬಕೆಟ್ಟನ್ನು ಇನ್ನೂ ಎದೆಗವಚಿಕೊಂಡಿದ್ದ ಮೇಷ್ಟ್ರು ಪಿಸುಗುಟ್ಟಿದರು: “ಬದುಕಿದಾನಾ ಅತ್ತೆ?”

“ಬದುಕಿದಾನೆ ಸಾರ್. ನೀವೂ ಬದುಕ್ಕೊಂಡ್ರಿ.”