ಹೊಲಿಗೆಯಕ್ಕನ ಕಾಲು

ಊರಲ್ಲಿ ಟೈಲರ್‌ಗಳು ನಾಲ್ಕು ಜನ ಇದ್ದರೂ ಹೊಲಿಗೆಯಕ್ಕ ಎಂದರೆ ಅವಳೊಬ್ಬಳೇ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಮೆಷಿನ್ನು, ಮೊಳೆಗೆ ನೇತುಹಾಕಿದ ಅಳತೆ ಟೇಪು, ಮೂಲೆಯಲ್ಲಿ ಗುಂಡಿ ಹಾಕಬೇಕಾದ ಶಾಲೆ ಅಂಗಿಗಳ ರಾಶಿ. ಅವಳ ಕೈಗೆ ಒಳ್ಳೆಯ ಹೆಸರಿತ್ತು, ನಿಜ. ಆದರೆ ಊರಿನ ಕಣ್ಣೆಲ್ಲ ಅವಳ ಕಾಲಿನ ಮೇಲೆ.

ಊರಾಚೆಯ ಕಾಡಿಗೆ ಬೇಲಿಯಿಲ್ಲ, ಕಾವಲಿಲ್ಲ. ಹೊಲಿಗೆಯಕ್ಕನ ಮನೆತನದ ಹೆಣ್ಣು ಕಾಡಿನ ನೆಲ ಮೆಟ್ಟಿದರೆ ಆ ವರ್ಷ ಮರ ಕಡಿಯಬಹುದು, ಮೆಟ್ಟದಿದ್ದರೆ ಯಾರೂ ಕೊಡಲಿ ಎತ್ತುವಂತಿಲ್ಲ. ಅದು ಹಿಂದಿನಿಂದ ಬಂದ ಕಟ್ಟಳೆ. ತಾಯಿಯ ನಂತರ ಮಗಳಿಗೆ ಈ ಅಧಿಕಾರ. ಅಧಿಕಾರವೋ ಸಂಕೋಲೆಯೋ, ಹೊತ್ತವರನ್ನೇ ಕೇಳಬೇಕು. ಅವಳಮ್ಮ ಮೆಟ್ಟಿದ್ದು ಒಂದೇ ಸಲ, ನೆರೆ ಬಂದು ಮನೆಗಳು ಕೊಚ್ಚಿಹೋದ ವರ್ಷ. ಆಗ ಮನೆಗೊಂದು ತೊಲೆ ಕಡಿದು ಜನ ಸುಮ್ಮನಾದರು. ಈಗ ಮೆಷಿನ್ ಗರಗಸ ಬಂದಿದೆ. ಒಂದು ವರ್ಷ ಬಿಟ್ಟುಕೊಟ್ಟರೆ ಮರುವರ್ಷ ಕಾಯುವುದಕ್ಕೆ ಕಾಡೇ ಇರುವುದಿಲ್ಲ. ಹೊಲಿಗೆಯಕ್ಕ ಮೊದಲೂ ಕಾಡಿನೊಳಗೆ ಹೋದವಳಲ್ಲ; ಹಾಗಾಗಿ ಅಮ್ಮ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಆ ದಿಕ್ಕಿಗೂ ತಲೆ ಹಾಕಿರಲಿಲ್ಲ. ಮಗಳನ್ನು ಕೊಟ್ಟ ಊರು ಕಾಡಿನಾಚೆ. ಅಲ್ಲಿಗೆ ಹೋಗಲು ಎರಡು ಬಸ್ಸು ಬದಲಿಸಿ ಇಡೀ ದಿನ ಸುತ್ತುತ್ತಿದ್ದಳು.

ಅವಳ ತಮ್ಮನದು ಮರ ಕೊಯ್ಯುವ ಸಾಮಿಲ್ಲು. ಅವನಿಗೆ ಕಟ್ಟಳೆಯ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೆ ಅವನ ಕೂಲಿಯಾಳುಗಳಿಗೆ ಇತ್ತು, ಅದೇ ಅವನ ತಲೆನೋವು.

ಅವತ್ತು ಬೆಳಿಗ್ಗೆ ಅಳಿಯನ ಫೋನು ಬಂತು. ಮಗಳಿಗೆ ಹೆರಿಗೆ ನೋವು, ಯಾಕೋ ಕಷ್ಟವಾಗುತ್ತಿದೆ, ಆಸ್ಪತ್ರೆಗೆ ಬೇಗ ಬನ್ನಿ ಎಂದ. ಬಸ್ಸು ಆಗಲೇ ಹೋಗಿತ್ತು. ಅಷ್ಟರಲ್ಲಿ, ಅಳಿಯ ಅವನಿಗೂ ಫೋನು ಮಾಡಿದ್ದನೋ ಏನೋ, ತಮ್ಮ ಬಾಗಿಲ ಮುಂದೆ ಜೀಪು ತಂದು ನಿಲ್ಲಿಸಿದ.

“ಹತ್ತಕ್ಕ. ಕಾಡಿನ ರಸ್ತೇಲಿ ಒಂದೇ ಗಂಟೆ. ಗಾಡೀಲಿ ಕೂತ್ರೆ ನಿನ್ ಕಾಲು ನೆಲಕ್ಕೆಲ್ಲಿ ತಾಗುತ್ತೆ?”

ಮಾತು ಬೆಣ್ಣೆಯ ಹಾಗಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಕೂಲಿಯಾಳುಗಳು ಯಾಕೆ ಕೂತಿದ್ದಾರೆ ಎಂದು ಕೇಳುವ ವ್ಯವಧಾನ ಅವಳಿಗಿರಲಿಲ್ಲ. ಹತ್ತಿದಳು.

ಕಾಡಿನ ನಟ್ಟನಡುವೆ ಜೀಪು ನಿಂತಿತು.

“ಎಂಜಿನ್ ಬಿಸಿಯಾಗಿದೆ. ಸ್ವಲ್ಪ ಇಳಿಯಕ್ಕ.”

“ನಾನಿಲ್ಲೇ ಕೂತಿರ್ತೀನಿ.”

ತಮ್ಮ ಇಳಿದು ಬಂದು ಅವಳ ಕಡೆಯ ಬಾಗಿಲು ತೆಗೆದ. ಇನ್ನು ನಾಟಕ ಸಾಕು ಅನ್ನಿಸಿರಬೇಕು.

“ಇಳಿದ್ರೆ ಆಸ್ಪತ್ರೆ, ಇಲ್ದಿದ್ರೆ ವಾಪಸ್ ಮನೆ. ಒಂದು ಹೆಜ್ಜೆ ಅಕ್ಕ, ಒಂದೇ ಒಂದು.”

ಸಾಕ್ಷಿಗೆಂದು ಬಂದ ಆಳುಗಳಿಬ್ಬರೂ ಕೆಳಗಿಳಿದು ನಿಂತು, ಮುಖ ನೋಡಲಾಗದೆ ಅವಳ ಚಪ್ಪಲಿಯನ್ನೇ ನೋಡುತ್ತಿದ್ದರು. ಒಡಹುಟ್ಟಿದವನೇ ಹೀಗೆ ಕಟ್ಟಿಹಾಕಿದನಲ್ಲ. ಫೋನು ಬಡಿದುಕೊಂಡಿತು. ಮಗಳು.

“ಅಮ್ಮಾ, ಎಲ್ಲಿದ್ದೀಯ?”

ಹೇಳಿದಳು. ಮಗಳ ಮಾತು ಏದುಸಿರಿನ ನಡುವೆ ಬಂತು.

“ಇಳಿದುಬಿಡಮ್ಮ. ಒಂದು ಹೆಜ್ಜೆ ತಾನೇ? ನಂಗೆ ಭಯ ಆಗ್ತಿದೆ.”

ಹೊಲಿಗೆಯಕ್ಕನ ಬಲಗಾಲು ತಾನಾಗಿಯೇ ಜೀಪಿನ ಅಂಚಿಗೆ ಬಂತು. ನೆಲ ಇನ್ನೆರಡು ಗೇಣು ಕೆಳಗೆ. ತಲೆಯೆತ್ತಿದಳು. ಇಷ್ಟು ವರ್ಷ ಕಾಯ್ದ ಕಾಡನ್ನು ಅವಳು ಒಳಗಿಂದ ನೋಡುತ್ತಿದ್ದದ್ದು ಇದೇ ಮೊದಲು. ಮರಗಳು ಇಷ್ಟು ಎತ್ತರ ಇರುತ್ತವೆಂದೂ ಗೊತ್ತಿರಲಿಲ್ಲ.

“ಆಗಲ್ಲ ಕಣೇ,” ಎಂದಳು.

ಮಗಳು ಅತ್ತಳು. ಆಮೇಲೆ ಹಲ್ಲು ಕಚ್ಚಿಕೊಂಡು ಹೇಳಿದಳು. “ನೀನು ಹೋದ್ಮೇಲೆ ಇದು ನನ್ ಪಾಲಿಗೇ ತಾನೇ ಬರೋದು? ಮೊದಲ್ನೇ ದಿನಾನೇ ಇಳೀತೀನಿ.”

“ನಿನ್ನ ಕಾಲಕ್ಕೆ ನೀನು ಇಳಿ ಕಂದ. ಇದಿನ್ನೂ ನನ್ನ ಕಾಲ.”

ಅವಳು ಎರಡೂ ಕಾಲುಗಳನ್ನು ಸೀಟಿನ ಮೇಲೆ ಎತ್ತಿಟ್ಟುಕೊಂಡು ಮಂಡಿಗೆ ಮುಖ ಒತ್ತಿ ಅತ್ತಳು. ತಮ್ಮ ಬಾಗಿಲನ್ನು ಧಡಾರನೆ ಹಾಕಿ, ಜೀಪನ್ನು ಮನೆಯ ಕಡೆಗೆ ತಿರುಗಿಸಿದ.