ನನ್ನ ಗಾಡಿ ಗುಜರಿಗೆ ಹೋಗಲಿಲ್ಲ

ಸೋಮವಾರ ಬೆಳಿಗ್ಗೆ ಕಕ್ಕೇರಾದ ನನ್ನ ಶಾಲೆಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಕಾರು ಎರಡು ಸಲ ಜಗ್ಗಿತು, ಮೀಟರಿನಲ್ಲಿ ಹಳದಿ ಲೈಟ್ ಹತ್ತಿತು, ಆಮೇಲೆ ಗಪ್‌ಚುಪ್...

ಹದಿನೈದು ವರ್ಷದ ಹಳೇ ಕಾರು. ಸೆಕೆಂಡ್ ಹ್ಯಾಂಡ್. ನನ್ನ ಸಂಬಳದಲ್ಲಿ ತಗೊಂಡದ್ದು, ಆರ್‌ಸಿಯಲ್ಲಿ ನನ್ನದೇ ಹೆಸರು.

ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು ನಾನು. ಅದೂ ಓಣಿಯವರೆಲ್ಲ ಕಟ್ಟೆ ಮೇಲೆ ಕೂತು ನೋಡುತ್ತಿದ್ದಾಗ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ರಂಗಂಪೇಟೆಯ ಮನೆಗೆ ಎಳೆದು ತಂದೆವು. ನನ್ನ ಗಂಡನ ಅಣ್ಣ, ಅಂದರೆ ಭಾವ, ಬಾಗಿಲಲ್ಲೇ ನಿಂತಿದ್ದರು.

"ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಇನ್ನೇನ್ ಆಗ್ತದ?"

ಏನು ಕೆಟ್ಟಿದೆ ಅಂತ ಇನ್ನೂ ಯಾರೂ ನೋಡಿರಲಿಲ್ಲ. ತಪ್ಪು ಯಾರದು ಅನ್ನೋದು ಮಾತ್ರ ಆಗಲೇ ತೀರ್ಮಾನವಾಗಿತ್ತು.

ಸಂಜೆ ಶಹಾಪುರದಿಂದ ಒಬ್ಬ ಮೆಕ್ಯಾನಿಕ್ ಬಂದು ಸ್ಕ್ಯಾನರ್ ಹಚ್ಚಿದ. ಗಾಡಿ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. "ಇಸಿಎಂ ಹೋಗ್ಯಾದ್ರಿ ಅಕ್ಕೋರ" ಅಂದ.

ಇಸಿಎಂ ಅಂದರೆ ಇಂಜಿನ್ನಿಗೆ ಯಾವಾಗ, ಎಷ್ಟು ಡೀಸೆಲ್ ಬಿಡಬೇಕು ಅಂತ ಹೇಳುವ ಕಂಪ್ಯೂಟರ್ ಡಬ್ಬಿ. ಹೊಸದು ಈಗ ಸಿಗುವುದಿಲ್ಲವಂತೆ. ಗಾಡಿ ಮಾರಿಬಿಡಿ ಅಂದ.

ಭಾವನಿಗೆ ಅಷ್ಟು ಸಾಕಾಯಿತು. ನನ್ನನ್ನು ಒಂದು ಮಾತು ಕೇಳದೆ ಗುಜರಿಯವನಿಗೆ ಫೋನ್ ಮಾಡಿ, ಭಾನುವಾರ ಬಾ ಅಂದರು. ನಾನು ಗಂಡನ ಮುಖ ನೋಡಿದೆ. "ಅಣ್ಣ ಹೇಳ್ಯಾನಲ್ಲ..." ಅನ್ನುತ್ತಾ ಅವರು ಪೇಪರ್ ಅಗಲಿಸಿಕೊಂಡರು.

ಮೈಯೆಲ್ಲ ಉರಿಯಿತು ನನಗೆ. ಈ ಗಾಡಿ ಹೋದರೆ ಇನ್ನೊಂದು ಬರುವುದಿಲ್ಲ, ಮತ್ತೆ ಸ್ಟೇರಿಂಗ್ ಮುಟ್ಟಲು ಯಾರೂ ಬಿಡುವುದಿಲ್ಲ. ಮೇಲಿಂದ "ನೀನೇ ಓಡಿಸಿ ಕೆಡಿಸಿದಿ" ಅನ್ನುವುದನ್ನು ಸಾಯೋತನಕ ಕೇಳಬೇಕು.

"ಭಾನುವಾರದ ತನಕ ಗಾಡಿ ನಂದ್ರಿ ಭಾವಾ. ಆಮ್ಯಾಲೂ ನಂದ" ಅಂದೆ.

ಮೆಕ್ಯಾನಿಕ್ ಕೈಲೇ ಆ ಡಬ್ಬಿ ಬಿಚ್ಚಿಸಿ, ಟವೆಲ್‌ನಲ್ಲಿ ಸುತ್ತಿ, ಬುತ್ತಿ ಬ್ಯಾಗಿಗೆ ಹಾಕಿಕೊಂಡೆ. ಮರುದಿನ ಲೀವ್ ಹಾಕಿ ಯಾದಗಿರಿ ಬಸ್ ಹತ್ತಿದೆ.

ಅಲ್ಲಿ ಗಾಡಿ ವೈರಿಂಗ್ ಮಾಡುವ ಮಹಬೂಬ್ ಭಾಯಿ ಇದ್ದಾರೆ, ಇಂಥ ಡಬ್ಬಿ ಬಿಚ್ಚಿ ನೋಡುವ ಧೈರ್ಯ ಅವರಿಗಿದೆ ಅಂತ ನಮ್ಮ ಹೆಡ್ ಮೇಡಂ ಹೇಳಿದ್ದರು.

ಭಾಯಿ ಮುಚ್ಚಳ ತೆಗೆದು ಭೂತಗನ್ನಡಿ ಹಿಡಿದರು. ಒಳಗಿನ ಪಿನ್ನುಗಳೆಲ್ಲ ಹಸಿರುಗಟ್ಟಿದ್ದವು, ಮೇಲೆ ಏನೋ ಅಂಟು ಒಣಗಿತ್ತು. ಉಗುರಿನಿಂದ ಕೆರೆದು ಮೂಸಿ ನೋಡಿ, ನನ್ನ ಕಡೆ ತಿರುಗಿದರು.

"ಅಕ್ಕಾ, ಇದಕ್ಕ ಟೆಂಗಿನ ನೀರು ಯಾರು ಕುಡಸ್ಯಾರ?"

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ...

ನಮ್ಮ ಮನೆಯಲ್ಲಿ ಪ್ರತಿ ಅಮಾವಾಸ್ಯೆ ಗಾಡಿ ಪೂಜೆ. ಬಾನೆಟ್ ಎತ್ತಿ, ಕಾಯಿ ಒಡೆದು, ಆ ನೀರನ್ನು ಇಂಜಿನ್ ಮೇಲೆ ಹಾಕುವುದು, ತಂಪಾಗಿರಲಿ ಅಂತ. ಬ್ಯಾಟರಿ ಪಕ್ಕದಲ್ಲೇ ಈ ಡಬ್ಬಿ. ಎಷ್ಟು ಅಮಾವಾಸ್ಯೆಗಳ ನೀರು ಕುಡಿದಿತ್ತೋ ಪಾಪ!

ಕಾಯಿ ಒಡೆಯುವವರು ಯಾರು? ಭಾವ. ಹೆಣ್ಣುಮಕ್ಕಳು ಕಾಯಿ ಒಡೆಯಬಾರದಂತೆ, ನನ್ನದೇನಿದ್ದರೂ ಅರಿಶಿಣ ಕುಂಕುಮದ ತಟ್ಟೆ ಹಿಡಿದು ನಿಲ್ಲುವ ಕೆಲಸ. ಒಡೆಯುವ ಹಕ್ಕಿಲ್ಲ, ಕೆಡಿಸಿದ ಅಪವಾದ ಮಾತ್ರ ನನ್ನ ಪಾಲಿಗೆ!

ಭಾಯಿ ನಕ್ಕರು. "ಫಿಕರ್ ಮಾಡಬ್ಯಾಡ್ರಿ. ಗುಜರಿಗಿ ಬಂದ ಗಾಡಿಯಾಗಿಂದು ಇದೇ ನಂಬರಿನ ಡಬ್ಬಿ ತರಸ್ತೀನಿ. ನಂಬರಿನಾಗ ಒಂದಕ್ಷರ ಫರಕ್ ಆದ್ರೂ ನಡಿಯಂಗಿಲ್ಲ."

ಮನೆಗೆ ಬಂದೆ. ಯಾರಿಗೂ ಏನೂ ಹೇಳಲಿಲ್ಲ. ಗಾಡಿ ಓಡಲಿ, ಆಮೇಲೆ ಮಾತು.

ಶನಿವಾರ ಮಧ್ಯಾಹ್ನ ಭಾಯಿ ಡಬ್ಬಿ ತಂದು ಕೂರಿಸಿದರು. ನಾನು ಚಾವಿ ತಿರುಗಿಸಿದೆ. ಸೆಲ್ಫ್ ತಿರುಗುತ್ತಿದೆ, ಇಂಜಿನ್ ಹಿಡಿಯುತ್ತಿಲ್ಲ. ಮೀಟರಿನಲ್ಲಿ ಚಾವಿಯ ಗುರುತಿನ ಕೆಂಪು ಲೈಟ್ ಮಿಣುಕುತ್ತಿದೆ...

ಕಟ್ಟೆ ಮೇಲಿಂದ ಭಾವ, "ಮುಗೀತಲ್ಲ?" ಅಂದರು.

ಭಾಯಿ ತಲೆ ಎತ್ತಲಿಲ್ಲ. "ಈ ಡಬ್ಬಿಗಿ ನಿಮ್ಮ ಚಾವಿ ಗುರ್ತಿಲ್ರಿ. ಕಳ್ಳ ಬಂದಾನ ಅಂತ ತಿಳ್ಕೊಂಡದ. ಹಳೇದರ ಮೆಮೊರಿ ಇನ್ನಾ ಜೀವ ಅದ, ಅದನ್ನ ಇದಕ್ಕ ಹಾಕಬೇಕು."

ನಮ್ಮ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಹರಡಿಕೊಂಡು, ಎರಡೂ ಡಬ್ಬಿ ಬಿಚ್ಚಿ ಕೂತರು. ಎರಡು ತಾಸು ಹಿಡಿಯಿತು. ಭಾವ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಇದೂ ಕೈಕೊಡಲಿ ಅಂತಲೇ ಅವರು ಕಾಯುತ್ತಿದ್ದರು, ನನಗೆ ಗೊತ್ತಿತ್ತು.

ಮತ್ತೆ ಡಬ್ಬಿ ಕೂರಿಸಿ ಚಾವಿ ಹಾಕಿದರೆ... ಕೆಂಪು ಲೈಟ್ ಆರಿತು. ಒಂದೇ ಏಟಿಗೆ ಇಂಜಿನ್ ಹಿಡಿಯಿತು!

ನಾನು ಚೀರಿಬಿಟ್ಟೆ. ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು, ನೋಡಲಿ.

"ಏನಾಗಿತ್ತಂತ?" ಭಾವ ಕೇಳಿದರು. ಭಾಯಿ ನನ್ನ ಮುಖ ನೋಡಿದರು. ನಾನು ಹಳೇ ಡಬ್ಬಿಯನ್ನು ಭಾವನ ಕೈಗೆ ಕೊಟ್ಟೆ.

"ಕಾಯಿ ನೀರ್ರಿ ಭಾವಾ. ಅಮಾಸಿಗೊಮ್ಮೆ ನೀವು ಹಾಕ್ತಿದ್ರಲ್ಲ, ಅದ."

ಅವರು ಅದನ್ನು ಆ ಕಡೆ ಈ ಕಡೆ ತಿರುಗಿಸಿ, ಹಸಿರುಗಟ್ಟಿದ್ದನ್ನು ಹೆಬ್ಬೆರಳಿನಿಂದ ಉಜ್ಜಿದರು. "ನಂಗೇನ್ ಗೊತ್ತಿತ್ತವ್ವ..." ಅಂದರು, ಮೆಲ್ಲಗೆ.

"ನಂಗೂ ಗೊತ್ತಿರ್ಲಿಲ್ರಿ. ಆದ್ರ ನಾ ಯಾರ ಮ್ಯಾಲೂ ತಪ್ಪು ಹೊರಸಿರ್ಲಿಲ್ಲ."

ಗಂಡ ಎದ್ದು ಹೋಗಿ ಎಲ್ಲರಿಗೂ ತಾವೇ ಚಾ ಮಾಡಿ ತಂದರು.

ಭಾನುವಾರ ಗುಜರಿಯವನು ಬಂದ. "ಇಲ್ಲಿ ಹಳೇ ಗಾಡಿ ಕೊಡೋರು ಯಾರ್ರಿ?" ಅಂತ ನನ್ನನ್ನೇ ಕೇಳಿದ. ನಾನು ಸ್ಟೇರಿಂಗ್ ಹಿಂದೆ ಕೂತಿದ್ದೆ, ಇಂಜಿನ್ ಚಾಲೂ ಇತ್ತು. "ಯಾರೂ ಇಲ್ರಿ" ಅಂದು ಗೇರ್ ಹಾಕಿದೆ.

ಇನ್ನು ಮುಂದಿನ ಅಮಾವಾಸ್ಯೆಗೆ ಬಾನೆಟ್ ಮುಚ್ಚಿಯೇ ಇರುತ್ತದೆ, ಕಾಯಿಯನ್ನು ಗಾಲಿ ಮುಂದೆ ನೆಲದ ಮೇಲೆ ನಾನೇ ಒಡೆಯುತ್ತೇನೆ. ಯಾರದಾದರೂ ತಕರಾರಿದೆಯಾ?