ಶುಕ್ರವಾರ ಮಗಳನ್ನ ಕಳ್ಸಂಗಿಲ್ಲ

ಪಕ್ಕೀರಮ್ಮಕ್ಕ ಟೀವ್ಯಾಗ ಬಂದಾಳ, ನಾನು ಬಂದಿಲ್ಲ. ಯಾಕಂದ್ರ ನನ್ನ ಮನ್ಯಾಗ ಟೈಲ್ಸ್ ಅದಾವು. ಆಕಿ ಗಂಡ, ನನ್ನ ಗಂಡ ಅಣ್ಣತಮ್ಮರು. ನಮ್ಮವು ಎದುರುಬದುರು ಮನಿ.

ಪ್ಯಾಟಿ ಹುಡುಗೇರನ್ನ ಹಳ್ಳ್ಯಾಗ ಇಟ್ಟು, ಕುರಿ ಕಾಯಿಸಿ, ಸೋತಾಕಿನ್ನ ವಾಪಸ್ ಕಳಸೋ ಶೋ ಅದು. ಮಾಗಳದ ಹತ್ರ ಹೊಳಿದಂಡಿ ನಮ್ಮೂರಿಗೆ ಬಂದ ಡೈರೆಕ್ಟರ್ ಸೋಮಶೇಖರ್ ನನ್ನ ಮನಿ ನೋಡಿ ಮಾರಿ ಸಿಂಡರಿಸಿದ. ಅಕ್ಕನ ಮಣ್ಣಿನ ಮನಿ ನೋಡಿ ಕೈ ಮುಗಿದ. ಅದರಾಗಿದ್ದ ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮಷೀನು ಎಲ್ಲಾ ನನ್ನ ಮನಿಗೆ ಹೊರಿಸಿದ್ರು. ಹೆಸರು ಆಕಿಗೆ, ಎರಡು ಫ್ರಿಜ್ಜು ಒರಸೋ ಚಾಕ್ರಿ ನನಗ!

ಅಕ್ಕ ಯಾರಿಗೂ ಇಲ್ಲ ಅನ್ನಾಕಿ ಅಲ್ಲ. ಅವರು "ಒನ್ ಮೋರ್" ಅಂದ್ರ ಸಾಕು, ಹೂಂ ಅಂತಿದ್ಲು. ಬಡದ ರೊಟ್ಟಿನ ಮತ್ತ ಬಡದ್ಲು. ಸಾಯದ ಕುರಿಗೆ ಮೂರು ಸಲ ಬಾಯಿ ಬಡಕೊಂಡು ಅತ್ಲು. ಆ ಕುರಿ ಪಕ್ಕದಾಗ ನಿಂತು ಆಕಿ ಸೆರಗು ಮೇಯ್ತಿತ್ತು.

"ನಾಚಿಕಿ ಬರಂಗಿಲ್ಲೇನಕ್ಕಾ?" ಅಂದೆ.

"ಹೋಗ್ಲಿ ಬಿಡು ಮಂಜಮ್ಮಾ, ಅವ್ರದೂ ಹೊಟ್ಟಿಪಾಡು" ಅಂದ್ಲು.

ಆಕಿ ಮನಿಗೆ ಬಂದ ಹುಡುಗಿ ಕ್ರಾಂತಿ. ಹೆಸರು ಕೇಳಿದ್ರ ಊರ ಸುಡ್ತಾಳ ಅನಬೇಕು. ಕುರಿಮರಿ ಬ್ಯಾ ಅಂದ್ರ ಕಟ್ಟಿ ಏರ್ತಿದ್ಲು. ಅಕ್ಕ ಆಕಿ ತಲಿಗೆ ಎಣ್ಣಿ ಒತ್ತಿದ್ಲು, ಜಡಿ ಹಾಕಿದ್ಲು, ಕ್ಯಾಮೆರಾ ಇಲ್ಲದಾಗೂ ತುತ್ತು ಮಾಡಿ ಉಣಿಸಿದ್ಲು. ಹೆಣ್ಣು ಬೇಕಂತ ಹರಕಿ ಹೊತ್ತು ನಾಲ್ಕು ಗಂಡು ಹಡದಾಕಿ ಅಕ್ಕ. ನನ್ನ ಮಗಳು ಶಿವಗಂಗಾ ಗಂಡನ ಮನಿಗೆ ಹೊರಟಾಗೊಮ್ಮೆ ನಾನು ಉಡಿ ತುಂಬೋದನ್ನ ಕಂಬಕ್ಕ ಆತು ನಿಂತು ನೋಡ್ತಿದ್ಲು. "ನೀನೂ ಒಂದು ಹಿಡಿ ಅಕ್ಕಿ ಹಾಕು ಬಾ" ಅಂತ ಒಂದಿನಾನೂ ಅಂದಿಲ್ಲ ನನ್ನ ಸುಡುಗಾಡು ಬಾಯಿ.

ಮೂರನೇ ವಾರ ಕುರಿ ಹಿಡಿಯೋ ಆಟದಾಗ ಕ್ರಾಂತಿ ಸೋತ್ಲು. ಕಾರು ಬಂದು ಅಂಗಳದಾಗ ನಿಂತಿತು. "ಈಗಿಂದೀಗ ಮನಿ ಬಿಡಬೇಕು" ಅಂತ ಶೋದವರು ಆಕಿಗೆ ಹೇಳಿದ್ರು.

ಅಕ್ಕ ಬಾಗಿಲಿಗೆ ಅಡ್ಡ ನಿಂತ್ಲು. "ಇವತ್ತು ಶುಕ್ರವಾರರಿ. ಶುಕ್ರವಾರ, ಮಂಗಳವಾರ ಮನಿಮಗಳನ್ನ ಕಳ್ಸಂಗಿಲ್ಲ."

"ಅಮ್ಮಾ, ಇದು ಎಲಿಮಿನೇಶನ್ನು!" ಅಂದ ಸೋಮಶೇಖರ್.

"ಏನರ ಇರವಲ್ದ್ಯಾಕ. ನಾಳಿ ಮಾಡ್ರಿ."

ಅಂವ ಅಗ್ರಿಮೆಂಟ್ ತೋರಿಸಿದ, ಬೈದ, ಕೈಕಾಲು ಹಿಡಕೊಂಡ. ಅಕ್ಕ ಹೊಸ್ತಿಲ ಮ್ಯಾಲೆ ಕುಂತು ಬೆಳ್ಳುಳ್ಳಿ ಸುಲೀತಿದ್ಲು. ಕಡೀಕ ಕಾರು ಖಾಲಿನ ಹೋತು.

ಶನಿವಾರ ಮುಂಜಾನಿ, ಅವರೆಲ್ಲಾ ಇನ್ನೂ ಚಾ ಕುಡಿಯಾಕತ್ತಿದ್ರು. ಅಕ್ಕ ಟ್ರಂಕಿನ್ಯಾಗಿಂದ ಹಸಿರು ಕುಬಸದ ಕಣ ತಗದ್ಲು. ಎಷ್ಟು ವರ್ಷದಿಂದ ಇಟ್ಟಿದ್ಲೋ, ಮಡಿಕಿ ಗುಂಟ ಬಣ್ಣ ಹೋಗಿತ್ತು. ಪ್ಯಾಂಟಿನ ಹುಡುಗಿಗೆ ಸೆರಗೆಲ್ಲಿಂದ ಬರಬೇಕು? ಮ್ಯಾಲೊಂದು ಟವಲ್ ಹೊಚ್ಚಿ, ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಎಲಿಅಡಿಕಿ ಎಲ್ಲಾ ಹಾಕಿ ಉಡಿ ತುಂಬಿದ್ಲು. ಇಬ್ಬರೂ ಅಳಾಕತ್ತಿದ್ರು.

ಸೋಮಶೇಖರ್ ಚಾ ಚೆಲ್ಲಿಕೋತ ಓಡಿಬಂದ. "ಅಯ್ಯೋ, ಇದೇ ಬೇಕಿತ್ತು! ಕ್ಯಾಮೆರಾ ತರ್ರೋ! ಅಮ್ಮಾ, ಒನ್ ಮೋರ್!"

ಅಕ್ಕ ಕಣ್ಣು ಒರಸಿಕೊಂಡ್ಲು. "ರೊಟ್ಟಿ ಬೇಕಾದ್ರ ನೂರು ಸಲ ಬಡಿತೀನ್ರಿ. ಮಗಳನ್ನ ಎರಡೆರಡು ಸಲ ಕಳಸ್ತಾರೇನು?"

ಹಂಗಾಗಿ ಅದು ಟೀವ್ಯಾಗ ಬರಲಿಲ್ಲ. ನೋಡಿದಾಕಿ ನಾನೊಬ್ಬಾಕಿ, ಕಂಬಕ್ಕ ಆತು ನಿಂತು.